ಆ ಎರಡು ದಿನ ನೀವೂ ಮಕ್ಕಳ ಜೊತೆ ಬನ್ನಿ

ಪ್ರೀತಿಯ ಪೋಷಕರೇ,

ನಮಸ್ಕಾರ.

ಮುಂದಿನ ತಿಂಗಳ ಎರಡನೇ ಶನಿವಾರ ಮತ್ತು ಭಾನುವಾರ ನಮ್ಮ ಶಾಲೆಯಲ್ಲಿ ನೀರು, ವಿದ್ಯುತ್ತನ್ನು ಯೋಚಿಸಿ ಬಳಸುವ, ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಆಸರೆಯಾಗುವ ಬಗ್ಗೆ ತರಬೇತಿ ಇದೆ. ಏಳನೇ ತರಗತಿ ಮತ್ತು ಅದಕ್ಕಿಂತ ಮೇಲಿನ ಮಕ್ಕಳಿಗೆ. ಮಗುವಿನ ಜೊತೆ ಮನೆಯಿಂದ ಒಬ್ಬ ದೊಡ್ಡವರು ಬರಬೇಕು ಎಂದು ಚೀಟಿ ಕಳಿಸಿದ್ದೆವು. ಅದನ್ನು ನೋಡಿದ ಮೇಲೆ ಹಲವರು ಗೇಟಿನ ಹತ್ತಿರ ನಿಂತು ಕೇಳಿದಿರಿ: "ಮಕ್ಕಳಿಗೆ ಹೇಳಿಕೊಡಿ, ಸಂತೋಷ. ನಾವ್ಯಾಕೆ ಬರಬೇಕು ಮೇಡಂ?" ನ್ಯಾಯವಾದ ಪ್ರಶ್ನೆ. ವಾರದ ರಜೆಯನ್ನೇ ಬಿಟ್ಟುಕೊಡಿ ಅಂತ ಕೇಳುವಾಗ ಕಾರಣವನ್ನೂ ಹೇಳಬೇಕಲ್ವಾ? ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ತರಬೇತಿ ಕೊಡಲು ಬರುವವರು ಭಾಷಣ ಮಾಡುವವರಲ್ಲ. ಒಂದು ಬೀದಿಯ, ಒಂದು ಊರಿನ ಜನ ನೀರು, ವಿದ್ಯುತ್ತು, ಮಣ್ಣು, ಕಸ ಇವನ್ನೆಲ್ಲ ಯೋಚಿಸಿ ಬಳಸುವುದು ಹೇಗೆ? ನೆರೆ ಬಂದರೆ, ಬರ ಬಂದರೆ, ನಾಲ್ಕು ದಿನ ಕರೆಂಟು ಹೋದರೆ ಒಬ್ಬರಿಗೊಬ್ಬರು ಆಸರೆಯಾಗುವುದು ಹೇಗೆ? ಇದನ್ನು ಊರಿನವರ ಜೊತೆ ಕೂತು ಕಲಿಸುವುದೇ ಅವರ ಕೆಲಸ. ಸುಸ್ಥಿರತೆ ಎಂಬ ಮಾತನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ನಾನು ಅದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ನಾವು ಬದುಕುವ ರೀತಿ ನಮ್ಮ ಮಕ್ಕಳ ಪಾಲನ್ನು ಕಿತ್ತುಕೊಳ್ಳಬಾರದು, ಪೆಟ್ಟು ಬಿದ್ದರೆ ಮತ್ತೆ ಎದ್ದು ನಿಲ್ಲುವ ಶಕ್ತಿ ಊರಿನೊಳಗೇ ಇರಬೇಕು.

ಇಂಥದ್ದೊಂದು ಪ್ರಯತ್ನವನ್ನು ಕೆಲವು ವರ್ಷಗಳ ಹಿಂದೆ, ಬೇರೆ ಶಾಲೆಯಲ್ಲಿದ್ದಾಗ, ನಾನೂ ಮಾಡಿದ್ದೆ. ಅತಿಥಿಗಳು ಬಂದರು, ಚೆನ್ನಾಗಿ ಮಾತಾಡಿದರು. ಮಕ್ಕಳು ಪ್ರತಿಜ್ಞೆ ಮಾಡಿದರು. ಮೈದಾನದ ಅಂಚಿಗೆ ನಲವತ್ತು ಸಸಿ ನೆಟ್ಟೆವು. ಬೇಸಿಗೆ ರಜೆ ಮುಗಿಸಿ ಬಂದಾಗ ಉಳಿದದ್ದು ಮೂರು. ರಜೆಯಲ್ಲಿ ಯಾರು ನೀರು ಹಾಕುತ್ತಾರೆ ಎಂದು ನಾವ್ಯಾರೂ ಕೇಳಿಕೊಂಡಿರಲಿಲ್ಲ. ಶಾಲೆ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವರಿಗೆ ಕಾರ್ಯಕ್ರಮದ ವಿಷಯವೇ ಗೊತ್ತಿರಲಿಲ್ಲ. ಆ ಒಣಗಿದ ಕಡ್ಡಿಗಳನ್ನು ಮಕ್ಕಳೇ ಕಿತ್ತು ಹಾಕಿದರು. ಅವತ್ತಿನ ಅವರ ಮುಖ ನನಗೆ ಇನ್ನೂ ನೆನಪಿದೆ. ತಪ್ಪು ನಮ್ಮದು, ದೊಡ್ಡವರದು.

ಆಮೇಲೆ ನಾನು ಈ ವಿಷಯವನ್ನು ಹುಡುಕಿ ಹುಡುಕಿ ಓದಿದೆ. ಎಲ್ಲಿ ತರಬೇತಿ ಬೇರು ಬಿಟ್ಟಿದೆ, ಯಾಕೆ ಬಿಟ್ಟಿದೆ ಅಂತ. ಅದರಲ್ಲಿ ಎರಡು ಕಥೆಗಳನ್ನು ನಿಮಗೆ ಹೇಳಲೇಬೇಕು.

ಮೊದಲನೆಯದು ಇಂಡೋನೇಷ್ಯಾದ್ದು. ಅಲ್ಲಿ ಭತ್ತದ ಬೆಳೆಗೆ ಕಂದು ಜಿಗಿಹುಳುವಿನ ಕಾಟ ಜಾಸ್ತಿಯಾಗಿತ್ತು. ರೈತರು ಔಷಧಿ ಹೊಡೆದಷ್ಟೂ ಹುಳು ಹೆಚ್ಚಾಯಿತು. ಆ ಹುಳುವನ್ನು ತಿಂದು ಬದುಕುವ ಜೇಡಗಳು ಔಷಧಿಗೆ ಸತ್ತುಹೋಗುತ್ತಿದ್ದದ್ದೇ ಕಾರಣ. 1986ರಲ್ಲಿ ಸರ್ಕಾರ ಭತ್ತಕ್ಕೆ ಹೊಡೆಯುವ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿತು. ಆದರೆ ಆದೇಶ ಬಂದ ಮಾತ್ರಕ್ಕೆ ರೈತನ ಭಯ ಹೋಗುತ್ತದೆಯೇ? 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಗದ್ದೆಯಲ್ಲೇ ಶಾಲೆ ಶುರುವಾಯಿತು. ಸುಮಾರು ಇಪ್ಪತ್ತೈದು ರೈತರ ಗುಂಪು. ವಾರಕ್ಕೊಂದು ಬೆಳಗ್ಗೆ, ನಾಟಿಯಿಂದ ಕೊಯ್ಲಿನವರೆಗೆ. ಗದ್ದೆಗೆ ಇಳಿಯಬೇಕು, ಹುಳು ಎಷ್ಟು, ಜೇಡ ಎಷ್ಟು ಎಂದು ಎಣಿಸಬೇಕು, ದೊಡ್ಡ ಹಾಳೆಯ ಮೇಲೆ ಚಿತ್ರ ಬರೆಯಬೇಕು, ಈ ವಾರ ಏನು ಮಾಡೋಣ ಎಂದು ತಾವೇ ತೀರ್ಮಾನಿಸಬೇಕು.

ನನಗೆ ತುಂಬ ಹಿಡಿಸಿದ್ದು ಅಲ್ಲಿನ ತರಬೇತುದಾರರ ಒಂದು ಪದ್ಧತಿ. ರೈತ ಒಂದು ಹುಳು ಹಿಡಿದು ತಂದು "ಇದೇನು?" ಎಂದು ಕೇಳಿದರೆ ಅವರು ಹೆಸರು ಹೇಳಿಬಿಡುವುದಿಲ್ಲ. "ಎಲ್ಲಿ ಸಿಕ್ಕಿತು? ಏನು ಮಾಡ್ತಾ ಇತ್ತು? ಬೇರೆ ಹುಳುವನ್ನು ತಿಂತಾ ಇತ್ತಾ, ಎಲೆಯನ್ನಾ?" ಎಂದು ತಿರುಗಿ ಕೇಳುತ್ತಾರೆ. ಹೆಸರು ಹೇಳಿದರೆ ಪಾಠ ಅಲ್ಲಿಗೇ ಮುಗಿಯುತ್ತದೆ. ತಿರುಗಿ ಕೇಳಿದರೆ ರೈತ ಮತ್ತೆ ಗದ್ದೆಗೆ ಹೋಗಿ ನೋಡುತ್ತಾನೆ. ಇಷ್ಟು ವರ್ಷ ಪಾಠ ಮಾಡಿದ ನನಗೆ ಇದನ್ನು ಓದಿದಾಗ ಬಹಳ ಹೊತ್ತು ಸುಮ್ಮನೆ ಕೂರುವಂತಾಯಿತು. ನಮ್ಮಲ್ಲಿಗೆ ಬರುವವರೂ ಹೀಗೇ ಪ್ರಶ್ನೆ ಕೇಳುವವರು. "ಉತ್ತರ ಹೇಳೋದೇ ಇಲ್ವಲ್ಲ" ಎಂದು ಮೊದಲ ದಿನ ನಿಮಗೆ ಅನ್ನಿಸಬಹುದು. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಎರಡನೆಯ ಕಥೆ ಜಪಾನಿನ ಕಮೈಶಿ ಎಂಬ ಕಡಲತೀರದ ಊರಿನದು. ನೀವ್ಯಾಕೆ ಬರಬೇಕು ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ.

ತೋಷಿತಕ ಕತಾದ ಎಂಬ ಪ್ರಾಧ್ಯಾಪಕರು ಆ ಊರಿನ ಜನರಿಗೆ ಸುನಾಮಿ ಬಂದರೆ ಏನು ಮಾಡಬೇಕು ಎಂದು ಹೇಳಿಕೊಡಲು ಹೋದರು. ದೊಡ್ಡವರಿಗೆ ಉಪನ್ಯಾಸ ಇಟ್ಟರೆ ಮೊದಲೇ ಆಸಕ್ತಿ ಇದ್ದವರು ಮಾತ್ರ ಬರುತ್ತಿದ್ದರು. ಹಾಗಾಗಿ ಅವರು ಶಾಲೆಗಳ ಬಾಗಿಲು ತಟ್ಟಿದರು. ಶಿಕ್ಷಕರ ಜೊತೆ ಸೇರಿ ವರ್ಷಗಟ್ಟಲೆ ಕೆಲಸ ಮಾಡಿದರು. ಮಕ್ಕಳು ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆದರು, ಎಲ್ಲಿಂದ ಯಾವ ಎತ್ತರದ ಜಾಗಕ್ಕೆ ಓಡಬಹುದು ಎಂದು ಗುರುತು ಹಾಕಿದರು. ಅವರು ಮಕ್ಕಳಿಗೆ ಹೇಳಿಕೊಟ್ಟದ್ದು ಮೂರೇ ಮಾತು. ನಕ್ಷೆಯಲ್ಲಿ ಇಲ್ಲಿಗೆ ನೀರು ಬರಲ್ಲ ಅಂತ ಇದ್ದರೂ ಪೂರ್ತಿ ನಂಬಬೇಡಿ. ಆ ಹೊತ್ತಿಗೆ ನಿಮ್ಮ ಕೈಲಾದಷ್ಟನ್ನೂ ಮಾಡಿ. ಯಾರಿಗೂ ಕಾಯದೆ ಮೊದಲು ನೀವು ಓಡಿ, ಉಳಿದವರು ನಿಮ್ಮ ಹಿಂದೆ ಬರುತ್ತಾರೆ.

2011ರ ಮಾರ್ಚ್ 11ರ ಮಧ್ಯಾಹ್ನ ಭೂಮಿ ನಡುಗಿತು. ಸಮುದ್ರದ ಹತ್ತಿರವಿದ್ದ ಒಂದು ಶಾಲೆಯ ದೊಡ್ಡ ಮಕ್ಕಳು ಹೊರಗೆ ಓಡಿದರು. ಪಕ್ಕದ ಪ್ರಾಥಮಿಕ ಶಾಲೆಯವರು ಮೇಲಿನ ಮಹಡಿಗೆ ಹೋಗಿದ್ದರು. ಇವರು ಓಡುವುದನ್ನು ಕಂಡು ಅವರೂ ಇಳಿದು ಓಡಿದರು. ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡರು. ಮೊದಲೇ ಗೊತ್ತು ಮಾಡಿದ್ದ ಸುರಕ್ಷಿತ ಜಾಗಕ್ಕೆ ಬಂದರೂ ಅಲ್ಲಿ ನಿಲ್ಲಲಿಲ್ಲ. ಹಿಂದಿನ ಗುಡ್ಡ ಕುಸಿಯುತ್ತಿರುವುದನ್ನು ಕಂಡು ಇನ್ನೂ ಮೇಲೆ ಹೋದರು. ಅಲ್ಲಿಂದಲೂ ಮೇಲೆ ಹೋದರು. ಅವರು ಮೊದಲು ನಿಂತಿದ್ದ ಜಾಗವನ್ನು ಸ್ವಲ್ಪ ಹೊತ್ತಿನಲ್ಲೇ ನೀರು ನುಂಗಿತು. ಆ ಊರಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಶಾಲೆಗೆ ಹೋಗುತ್ತಿದ್ದ ಸುಮಾರು 3,000 ಮಕ್ಕಳಲ್ಲಿ ಬಹುತೇಕ ಎಲ್ಲರೂ ಉಳಿದರು.

ಜನ ಇದನ್ನು ಪವಾಡ ಎಂದು ಕರೆದರು. ನನಗೆ ಹಾಗೆ ಅನ್ನಿಸುವುದಿಲ್ಲ. ಇದರ ಹಿಂದೆ ವರ್ಷಗಳ ಅಭ್ಯಾಸ ಇತ್ತು. ಇನ್ನೊಂದು ಸಂಗತಿಯೂ ಇತ್ತು. ಕತಾದ ಅವರು ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದರು: ಮನೆಗೆ ಹೋಗಿ, "ನಾನು ಖಂಡಿತ ಓಡಿ ತಪ್ಪಿಸಿಕೊಳ್ಳುತ್ತೇನೆ, ನನ್ನನ್ನು ಹುಡುಕಿಕೊಂಡು ಬರಬೇಡಿ, ನೀವೂ ಓಡಿ" ಎಂದು ಅಪ್ಪ ಅಮ್ಮನಿಗೆ ಹೇಳಬೇಕು. ಅವರು ನಂಬುವವರೆಗೂ ಹೇಳಬೇಕು. ಯಾಕೆಂದರೆ ಅಪಾಯ ಬಂದಾಗ ಅಪ್ಪ ಅಮ್ಮ ಓಡುವುದು ಮಗುವಿನ ಕಡೆಗೆ. ಮಗು ಸುರಕ್ಷಿತವಾಗಿದೆ ಎಂಬ ನಂಬಿಕೆ ಇದ್ದರೆ ಮಾತ್ರ ಅವರ ಕಾಲು ಬೇರೆ ದಿಕ್ಕಿಗೆ ತಿರುಗುತ್ತದೆ.

ನೀವ್ಯಾಕೆ ಬರಬೇಕು ಎಂದರೆ ಇದಕ್ಕೇ. ಮಗು ಇಲ್ಲಿ ಕಲಿತದ್ದನ್ನು ನೀವು ಕಣ್ಣಾರೆ ನೋಡಿರಬೇಕು. ಆಗ ಮನೆಯಲ್ಲಿ ಅದು ಹೇಳುವ ಮಾತನ್ನು "ಸುಮ್ನಿರೋ, ನಿನಗೇನು ಗೊತ್ತು" ಎಂದು ತಳ್ಳಿಹಾಕುವುದಿಲ್ಲ. ನೀರು ಉಳಿಸುವ ಮಾತಿರಲಿ, ನೆರೆ ಬಂದಾಗ ಎಲ್ಲಿ ಸೇರಬೇಕು ಎಂಬ ಮಾತಿರಲಿ, ಮಗು ಒಂಟಿಯಾಗಿ ಮನೆ ಬದಲಾಯಿಸಲಾರದು. ಆ ಹೊರೆಯನ್ನು ಹನ್ನೆರಡು ವರ್ಷದ ಮಗುವಿನ ಹೆಗಲಿಗೆ ಹಾಕುವುದು ಸರಿಯೂ ಅಲ್ಲ.

"ಹೇಗೂ ಕಷ್ಟ ಬಂದಾಗ ಜನ ಓಡಿ ಬಂದು ಸಹಾಯ ಮಾಡೇ ಮಾಡ್ತಾರೆ, ತರಬೇತಿ ಯಾಕೆ?" ಎಂದು ಒಬ್ಬರು ತಂದೆ ಕೇಳಿದರು. ನಿಜ, ಓಡಿ ಬರುತ್ತಾರೆ. 1985ರಲ್ಲಿ ಮೆಕ್ಸಿಕೋ ನಗರದಲ್ಲಿ ಭೂಕಂಪವಾದಾಗ ಸಾಮಾನ್ಯ ಜನರೇ ಅವಶೇಷದೊಳಗೆ ನುಗ್ಗಿ ಸುಮಾರು 800 ಜನರನ್ನು ಉಳಿಸಿದರು. ಆದರೆ ಹಾಗೆ ಉಳಿಸಲು ಹೋದವರಲ್ಲೇ ಸುಮಾರು 100 ಜನ ಪ್ರಾಣ ಕಳೆದುಕೊಂಡರು. ಅದೇ ವರ್ಷ ಲಾಸ್ ಏಂಜಲೀಸಿನ ಅಗ್ನಿಶಾಮಕ ಇಲಾಖೆ ಬೀದಿ ಬೀದಿಯ ಜನರಿಗೆ ತರಬೇತಿ ಕೊಡಲು ಶುರು ಮಾಡಿತು. ಒಳ್ಳೆಯ ಮನಸ್ಸಿನವರೇ ಮೊದಲು ಮುನ್ನುಗ್ಗುವುದು. ಅವರನ್ನು ಕಳೆದುಕೊಳ್ಳಬಾರದು ಅಲ್ವಾ?

ಮಕ್ಕಳನ್ನು ಸುಮ್ನೆ ಹೆದರಿಸುತ್ತಾರೇನೋ ಎಂಬ ಆತಂಕ ಕೆಲವು ತಾಯಂದಿರಲ್ಲಿದೆ. ನನಗೂ ಇತ್ತು. ಒಪ್ಪುವ ಮುಂಚೆ ತರಬೇತುದಾರರೊಡನೆ ಎರಡು ಗಂಟೆ ಕೂತು ಇದನ್ನೇ ಮಾತಾಡಿದೆ. ಈ ಕೆಲಸದಲ್ಲಿ ಪಳಗಿದವರಿಗೆ ಭಯದ ವಿಷಯ ಚೆನ್ನಾಗಿ ಗೊತ್ತು. ಐರ್ಲೆಂಡಿನ ಕಿನ್ಸೇಲ್ ಎಂಬ ಊರಿನಲ್ಲಿ 2005ರಲ್ಲಿ ರಾಬ್ ಹಾಪ್ಕಿನ್ಸ್ ಎಂಬ ಶಿಕ್ಷಕರು ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ, ಪೆಟ್ರೋಲು, ಡೀಸೆಲಿನಂಥ ಇಂಧನವನ್ನು ಕಡಿಮೆ ಬಳಸಿ ಊರು ಬದುಕುವುದು ಹೇಗೆ ಎಂದು ಯೋಜನೆ ಬರೆದರು. ಮರುವರ್ಷ ಅದು ಇಂಗ್ಲೆಂಡಿನ ಟಾಟ್ನೆಸ್ ಊರಿನಲ್ಲಿ ಚಳವಳಿಯಾಯಿತು. ಬೇರೆ ಊರಿನವರೂ ಕಲಿಯಲು ಬರತೊಡಗಿದಾಗ ನರೇಶ್ ಜಿಯಾಂಗ್ರಾಂಡೆ ಮತ್ತು ಸೋಫಿ ಬ್ಯಾಂಕ್ಸ್ ಎರಡು ದಿನದ ತರಬೇತಿ ರೂಪಿಸಿದರು. ಅದರಲ್ಲಿ ಅಂಕಿಅಂಶ, ಕೈಕೆಲಸದ ಜೊತೆಗೆ ಮನಸ್ಸಿನ ಮಾತಿಗೂ ಜಾಗ ಇತ್ತು. ಎದೆಯಲ್ಲಿರುವ ದಿಗಿಲನ್ನು ಹೇಳಿಕೊಳ್ಳದೆ ಯಾರೂ ಬಹಳ ದಿನ ದುಡಿಯಲಾರರು ಎಂಬುದು ಅವರ ಅನುಭವ. ನಮ್ಮ ತರಬೇತಿಯಲ್ಲೂ ಅದಕ್ಕೆ ಸಮಯ ಇದೆ. ಭಯಂಕರ ದೃಶ್ಯಗಳ ವಿಡಿಯೋ ಒಂದನ್ನೂ ತೋರಿಸುವುದಿಲ್ಲ. ಮಗುವಿಗೆ ಕಷ್ಟ ಅನ್ನಿಸಿದರೆ ಎದ್ದು ಹೊರಗೆ ಬರಬಹುದು. ಇಡೀ ಹೊತ್ತು ನಾನು ಅಲ್ಲೇ ಇರುತ್ತೇನೆ.

ಶನಿವಾರ ಬೆಳಗ್ಗೆ ಎಲ್ಲರೂ ನಡೆಯಲು ಹೋಗುತ್ತೇವೆ. ನೀರು ಎಲ್ಲಿಂದ ಬರುತ್ತದೆ, ಮಳೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದವರಿದ್ದಾರೆ, ಯಾರ ಹತ್ತಿರ ಏಣಿ ಇದೆ, ಪ್ರಥಮ ಚಿಕಿತ್ಸೆ ಯಾರಿಗೆ ಗೊತ್ತು, ಇದೆಲ್ಲ ನೋಡಿ ಕೇಳಿ ನಕ್ಷೆ ಮಾಡುತ್ತೇವೆ. ಭಾನುವಾರ ಅದೇ ನಕ್ಷೆಯ ಸುತ್ತ ಕೂತು, ಒಂದೊಂದು ಬೀದಿಯವರು ಒಂದೇ ಒಂದು ಕೆಲಸ ಆರಿಸಿಕೊಳ್ಳಬೇಕು. ಒಂದಕ್ಕಿಂತ ಜಾಸ್ತಿ ಬೇಡ ಎಂದು ನಾನೇ ಹೇಳಿದ್ದೇನೆ. ಯಾರು, ಯಾವಾಗ, ರಜೆಯಲ್ಲಿ ಯಾರು ಎಂಬುದನ್ನೂ ಅಲ್ಲೇ ಬರೆಯಬೇಕು. ತರಬೇತುದಾರರು ಮೂರು ತಿಂಗಳ ನಂತರ ಒಂದು ಸಲ, ಆರು ತಿಂಗಳ ನಂತರ ಇನ್ನೊಂದು ಸಲ ಬಂದು ನೋಡುತ್ತಾರೆ. ಆಮೇಲೆ ಬರುವುದಿಲ್ಲ. ಅಷ್ಟರೊಳಗೆ ನಮ್ಮಲ್ಲೇ ಐದಾರು ಜನ ಮುಂದೆ ನಡೆಸಿಕೊಂಡು ಹೋಗಲು ತಯಾರಾಗಬೇಕು ಎಂಬುದು ನಮ್ಮ ಒಪ್ಪಂದ.

ಪರೀಕ್ಷೆಗೆ ಇದರಿಂದ ಅಂಕ ಸಿಗುವುದಿಲ್ಲ. ಪಾಠವೂ ಹಿಂದೆ ಬೀಳುವುದಿಲ್ಲ. ಶುಲ್ಕ ಇಲ್ಲ.

ಬರುವಾಗ ಕಳೆದ ಆರು ತಿಂಗಳ ಕರೆಂಟಿನ ಮತ್ತು ನೀರಿನ ಬಿಲ್ಲುಗಳಿದ್ದರೆ ತನ್ನಿ. ಬಿಸಿಲಿಗೆ ಟೋಪಿ ಇರಲಿ. ಅಪ್ಪ ಅಮ್ಮನಿಗೆ ಆಗದಿದ್ದರೆ ಅಜ್ಜ, ಅಜ್ಜಿ, ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯವರು ಯಾರಾದರೂ ಸರಿ. ಹಳೆಯ ನೆರೆ, ಹಳೆಯ ಬರ ಕಂಡ ಹಿರಿಯರು ಬಂದರೆ ಇನ್ನೂ ಒಳ್ಳೆಯದು. ನೀರು ಅವತ್ತು ಎಲ್ಲಿಯವರೆಗೆ ಬಂದಿತ್ತು ಎಂಬುದು ಅವರಿಗೇ ಗೊತ್ತು. ಶನಿವಾರ ಕೆಲಸಕ್ಕೆ ಹೋಗಲೇಬೇಕಾದವರು ಭಾನುವಾರವಾದರೂ ಬನ್ನಿ. ಎರಡೂ ದಿನ ಯಾರೂ ಬರಲಾಗದ ಮನೆಯ ಮಗುವಿನ ಜೊತೆ ನಮ್ಮ ಶಿಕ್ಷಕರೊಬ್ಬರು ಕೂರುತ್ತಾರೆ. ಆ ಮಗು ಒಂಟಿ ಅನ್ನಿಸಿಕೊಳ್ಳಬಾರದು. ಆಮೇಲೆ ಒಂದು ಸಂಜೆ ನಾವೇ ನಿಮ್ಮ ಮನೆಗೆ ಬಂದು ನಕ್ಷೆ ತೋರಿಸುತ್ತೇವೆ.

ಪತ್ರದ ಕೆಳಗಿನ ಚೀಟಿಯಲ್ಲಿ ಬರುವವರ ಹೆಸರು ಮತ್ತು ನಿಮ್ಮ ಬೀದಿಯ ಹೆಸರು ಬರೆದು ಈ ಶುಕ್ರವಾರದೊಳಗೆ ತರಗತಿಯ ಶಿಕ್ಷಕರಿಗೆ ತಲುಪಿಸಿ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ