ಸುನ್ ತ್ಸುವಿನ ಯುದ್ಧಶಾಸ್ತ್ರ: ನಮ್ಮ ಯುವ ವ್ಯಾಪಾರಿಗಳಿಗೆ ಕಲಿಸದೆ ಬಿಟ್ಟ ಅಧ್ಯಾಯಗಳು

ಸಂಪಾದಕರಿಗೆ,

ಮಾನ್ಯರೇ,

ಯುವ ಉದ್ಯಮಿಗಳಿಗಾಗಿ ನಮ್ಮ ಜಿಲ್ಲೆಯಲ್ಲಿ ನಡೆಯುವ ತರಬೇತಿ ಶಿಬಿರಗಳಲ್ಲಿ ಈಚೆಗೆ ಪ್ರಾಚೀನ ಚೀನಾದ ಸೇನಾನಿ ಸುನ್ ತ್ಸುವಿನ ಯುದ್ಧಶಾಸ್ತ್ರದ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ‘ಯುದ್ಧವೆಂದರೆ ವಂಚನೆ’ ಎಂಬ ಅವನ ಒಂದು ವಾಕ್ಯವನ್ನು ಪರದೆಯ ಮೇಲೆ ತೋರಿಸಿ, ಎದುರಾಳಿಯ ಕಣ್ಣಿಗೆ ಮಣ್ಣೆರಚುವುದು, ಅವನ ಗಿರಾಕಿಗಳನ್ನು ಸೆಳೆಯುವುದು, ಕೊನೆಗೆ ಅವನು ಅಂಗಡಿಯ ಬಾಗಿಲು ಹಾಕುವಂತೆ ಮಾಡುವುದೇ ವ್ಯಾಪಾರದ ಜಾಣತನವೆಂದು ಈಗಷ್ಟೇ ದುಡಿಮೆಗೆ ಇಳಿಯುತ್ತಿರುವ ಹುಡುಗ ಹುಡುಗಿಯರಿಗೆ ಹೇಳಿಕೊಡಲಾಗುತ್ತಿದೆ. ಶಿರಸಿಯಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ, ಇದು ಆ ಗ್ರಂಥಕ್ಕೂ ನಮ್ಮ ಮಕ್ಕಳಿಗೂ ಆಗುತ್ತಿರುವ ಅನ್ಯಾಯವೆಂದು ಮನವರಿಕೆಯಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಪರಂಪರೆಯ ಪ್ರಕಾರ ಸುನ್ ತ್ಸು ಕ್ರಿಸ್ತಪೂರ್ವ 6ನೆಯ ಶತಮಾನದ ಕೊನೆಯ ಹೊತ್ತಿಗೆ ವೂ ಎಂಬ ರಾಜ್ಯದ ದೊರೆ ಹೆಲೂವಿನ ಆಸ್ಥಾನದಲ್ಲಿದ್ದವನು. ಅವನ ಹೆಸರಿನ ಗ್ರಂಥದಲ್ಲಿರುವುದು 13 ಚಿಕ್ಕ ಅಧ್ಯಾಯಗಳು. 1972ರಲ್ಲಿ ಶಾಂಡೊಂಗ್ ಪ್ರಾಂತ್ಯದ ಯಿನ್‌ಚ್ವೆಶಾನ್ ಎಂಬಲ್ಲಿ ಹಾನ್ ಕಾಲದ ಗೋರಿಗಳನ್ನು ಅಗೆದಾಗ ಬಿದಿರಿನ ಪಟ್ಟಿಗಳ ಮೇಲೆ ಬರೆದ ಅದರ ಭಾಗಗಳು ದೊರೆತು, ಎರಡು ಸಾವಿರ ವರ್ಷಗಳ ಹಿಂದೆಯೇ ಈ ಪಠ್ಯ ಓದುಗರ ಕೈಯಲ್ಲಿತ್ತೆಂಬುದು ಖಚಿತವಾಯಿತು. ಶಿಬಿರಗಳಲ್ಲಿ ಅವನ ಹೆಸರಿಗೆ ಅಂಟಿಸುವ ‘ಪರರ ಕತ್ತಿಯಿಂದ ಕೊಲ್ಲು’, ‘ಉರಿಯುವ ಮನೆಯನ್ನು ದೋಚು’ ಎಂಬ ಸೂತ್ರಗಳು ಅವನವಲ್ಲ. ಅವು ಬಹಳ ತರುವಾಯ ಹುಟ್ಟಿದ, ಮೂವತ್ತಾರು ತಂತ್ರಗಳ ಬೇರೊಂದು ಸಂಗ್ರಹದವು. ವಂಚನೆಯ ಆ ವಾಕ್ಯ ಮೊದಲ ಅಧ್ಯಾಯದಲ್ಲಿ ಇರುವುದು ನಿಜ. ಆದರೆ ಅದೇ ಅಧ್ಯಾಯ ತೊಡಗುವುದು ಯುದ್ಧವು ರಾಜ್ಯದ ಅಳಿವು ಉಳಿವಿನ ಪ್ರಶ್ನೆ, ತೂಗಿ ನೋಡದೆ ಅದಕ್ಕೆ ಇಳಿಯಕೂಡದು ಎಂಬ ಎಚ್ಚರಿಕೆಯಿಂದ. ತೂಗಬೇಕಾದ ಐದು ಸಂಗತಿಗಳನ್ನು ಅವನು ಹೆಸರಿಸುತ್ತಾನೆ. ಕಾಲ, ನೆಲ, ಸೇನಾನಿಯ ಗುಣ ಮತ್ತು ಶಿಸ್ತುಗಳಿಗಿಂತ ಮೊದಲು ಬರುವುದು, ಪ್ರಜೆಗಳ ಮನಸ್ಸೂ ದೊರೆಯ ಮನಸ್ಸೂ ಒಂದಾಗಿದೆಯೇ ಎಂಬುದು.

ಎರಡನೆಯ ಅಧ್ಯಾಯ ಖರ್ಚಿನ ಲೆಕ್ಕ. ವ್ಯಾಪಾರ ಕಲಿಯುವವರಿಗೆ ಇಡೀ ಗ್ರಂಥದಲ್ಲಿ ಎಲ್ಲಕ್ಕಿಂತ ಹತ್ತಿರದ ಭಾಗ ಇದು, ಮತ್ತು ಯಾವ ಶಿಬಿರದಲ್ಲಿಯೂ ಇದನ್ನು ಓದಿಸಿದ್ದನ್ನು ನಾನು ಕೇಳಿಲ್ಲ. ಸಾವಿರ ಹಗುರ ರಥ, ಸಾವಿರ ಭಾರದ ರಥ, ಒಂದು ಲಕ್ಷ ಕಾಲಾಳುಗಳನ್ನು ಹೊರಡಿಸಿ ದೂರದೇಶಕ್ಕೆ ಧಾನ್ಯ ಸಾಗಿಸತೊಡಗಿದರೆ ದಿನಕ್ಕೆ ಸಾವಿರ ಹೊನ್ನು ವೆಚ್ಚವಾಗುತ್ತದೆ. ಶತ್ರುವಿನ ನೆಲದಲ್ಲಿ ದೊರೆತ ಒಂದು ಅಳತೆ ಧಾನ್ಯ ಊರಿನಿಂದ ಹೊತ್ತು ತಂದ ಇಪ್ಪತ್ತು ಅಳತೆಗೆ ಸಮ. ದೀರ್ಘಕಾಲದ ಯುದ್ಧದಿಂದ ಲಾಭ ಪಡೆದ ರಾಜ್ಯವೇ ಇಲ್ಲ ಎನ್ನುತ್ತಾನೆ. ಲಕ್ಷ ಜನರ ಸೈನ್ಯ ಹೊರಟರೆ ಹೊಲದ ಕೆಲಸ ನಿಲ್ಲಿಸಬೇಕಾಗುವ ಮನೆಗಳು 7 ಲಕ್ಷ ಎಂಬ ಲೆಕ್ಕವನ್ನು ಕೊನೆಯ ಅಧ್ಯಾಯದಲ್ಲಿ ಕೊಡುತ್ತಾನೆ.

ಈ ಲೆಕ್ಕವನ್ನು ನಮ್ಮ ಪೇಟೆಗೆ ತಂದು ನೋಡೋಣ. ಕುಮಟಾದಲ್ಲಾಗಲಿ ಶಿರಸಿಯಲ್ಲಾಗಲಿ ಎದುರುಬದುರಿನ ಎರಡು ಅಂಗಡಿಗಳು ದರ ಇಳಿಸುವ ಹಟಕ್ಕೆ ಬಿದ್ದವೆಂದುಕೊಳ್ಳಿ. 90 ರೂಪಾಯಿಗೆ ತಂದ ಸಾಮಾನನ್ನು 100ಕ್ಕೆ ಮಾರುತ್ತಿದ್ದವನು 95ಕ್ಕೆ ಇಳಿಸಿದರೆ ಗಿರಾಕಿಗೆ ಉಳಿಯುವುದು ಬರೀ 5 ರೂಪಾಯಿ, ಆದರೆ ಅಂಗಡಿಯವನ ಲಾಭದಲ್ಲಿ ಅರ್ಧವೇ ಹೋಯಿತು. ಮೊದಲಿನಷ್ಟೇ ಗಳಿಸಬೇಕಾದರೆ ಅವನು ಎರಡು ಪಟ್ಟು ಸಾಮಾನು ಮಾರಬೇಕು, ಅದಕ್ಕೆ ತಕ್ಕ ದಾಸ್ತಾನು ತುಂಬಬೇಕು, ಬ್ಯಾಂಕಿನ ಬಡ್ಡಿ ಕಟ್ಟಬೇಕು. ಎದುರಿನವನೂ ಅಷ್ಟೇ ಇಳಿಸಿದ ದಿನ ಈ ಹೆಚ್ಚಿನ ಮಾರಾಟವೂ ಬರುವುದಿಲ್ಲ. ಗೋಕರ್ಣದಿಂದ ಮುರ್ಡೇಶ್ವರದವರೆಗೆ ಕರಾವಳಿಯಲ್ಲಿ ಸಾಲ ಮಾಡಿ ಹೋಂಸ್ಟೇ ಕಟ್ಟಿಸಿದವರು ಮಳೆಗಾಲದಲ್ಲಿ ಪರಸ್ಪರರ ಬಾಡಿಗೆ ಇಳಿಸುತ್ತಾ ಹೋದಾಗಲೂ ಆಗುವುದು ಇದೇ. ದಿನಕ್ಕೆ ಸಾವಿರ ಹೊನ್ನು ಎಂದವನ ಶಿಷ್ಯರಾಗಬಯಸುವವರು ದರ ಇಳಿಸುವ ಮೊದಲು ಇದನ್ನು ಎಷ್ಟು ತಿಂಗಳು ತಾಳಬಲ್ಲೆ ಎಂದು ಬರೆದು ನೋಡಬೇಕು.

ಬದುಕಿನ ವಿಷಯದಲ್ಲಿ ಈ ಅಧ್ಯಾಯ ನನ್ನನ್ನು ಹೆಚ್ಚು ಕಾಡುವುದು ನಮ್ಮ ತೋಟದ ಸೀಮೆಯ ಹಿಸ್ಸೆ ದಾವೆಗಳನ್ನು ಕಂಡಾಗ. ಅಣ್ಣತಮ್ಮಂದಿರ ನಡುವೆ ಅಡಿಕೆ ತೋಟದ ಪಾಲಿಗಾಗಿ ಹೂಡಿದ ದಾವೆ, ಅದರ ಮೇಲೆ ತಡೆಯಾಜ್ಞೆ, ಅದರ ಮೇಲೆ ಅಪೀಲು ಎಂದು ತಂದೆಯಿಂದ ಮಗನಿಗೆ ಬಳುವಳಿಯಾಗಿ ಬರುವುದುಂಟು. ಅಷ್ಟರಲ್ಲಿ ತೋಟಕ್ಕೆ ದಿಕ್ಕಿಲ್ಲದೆ, ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಸುವವರು ಯಾರೆಂಬ ಜಗಳದಲ್ಲಿ ಅಡಿಕೆಯ ಗೊನೆಗಳು ಕೊಳೆರೋಗಕ್ಕೆ ಉದುರಿ, ಗೆದ್ದವನ ಕೈಗೂ ಬಡವಾದ ತೋಟವೇ ಬರುತ್ತದೆ. ಸಿಟ್ಟಿನಿಂದ ದೊರೆ ಸೈನ್ಯ ಎಬ್ಬಿಸಬಾರದು, ಅಸಮಾಧಾನದಿಂದ ಸೇನಾನಿ ಯುದ್ಧಕ್ಕಿಳಿಯಬಾರದು. ಸಿಟ್ಟು ಮುಂದೊಂದು ದಿನ ಸಂತೋಷವಾಗಿ ಮಾರ್ಪಡಬಹುದು, ಆದರೆ ಅಳಿದ ರಾಜ್ಯ ತಿರುಗಿ ಬಾರದು, ಸತ್ತವರು ಮತ್ತೆ ಬದುಕರು ಎಂದು ಸುನ್ ತ್ಸು ಹನ್ನೆರಡನೆಯ ಅಧ್ಯಾಯದಲ್ಲಿ ಹೇಳಿದ್ದನ್ನು ಇಂಥ ಮನೆಗಳವರು ಓದಬೇಕು. ಸುತ್ತುವರಿದ ಸೈನ್ಯಕ್ಕೆ ಒಂದು ಹೊರದಾರಿ ಬಿಡು ಎಂಬ ಅವನ ಇನ್ನೊಂದು ಮಾತೂ ರಾಜಿಗೆ ಕೂತವರಿಗೆ ನೇರವಾಗಿ ಸಲ್ಲುತ್ತದೆ. ತೋಟಕ್ಕೆ ಹೋಗುವ ಹಾದಿ, ಕೆರೆಯ ನೀರಿನ ಸರದಿ, ತೋಟಕ್ಕೆ ಸೊಪ್ಪು ತರುವ ಬೆಟ್ಟದ ಹಕ್ಕು ಇವಿಷ್ಟನ್ನು ಎದುರು ಪಕ್ಷಕ್ಕೆ ಉಳಿಸಿಕೊಟ್ಟರೆ ಅವನಿಗೆ ಒಪ್ಪಿಕೊಳ್ಳಲು ದಾರಿಯಿರುತ್ತದೆ; ಎಲ್ಲವನ್ನೂ ಮುಚ್ಚಿದರೆ ಅವನು ಸುಪ್ರೀಂ ಕೋರ್ಟಿನವರೆಗೂ ಹೋಗುತ್ತಾನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಲೋಕ ಅದಾಲತ್ತಿನಲ್ಲಿ ರಾಜಿಯಾದ ದಾವೆಗೆ ಕಟ್ಟಿದ ನ್ಯಾಯಾಲಯ ಶುಲ್ಕ ಮರಳಿ ಸಿಗುತ್ತದೆ, ಆ ತೀರ್ಪಿಗೆ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಅಪೀಲಿಗೆ ಅವಕಾಶವಿಲ್ಲ ಎಂಬುದು ಇನ್ನೂ ಬಹಳ ಮನೆಗಳಿಗೆ ಗೊತ್ತಿಲ್ಲ.

ಮೂರನೆಯ ಅಧ್ಯಾಯದಲ್ಲಿ ಸುನ್ ತ್ಸು ಗೆಲುವುಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸುತ್ತಾನೆ. ಶತ್ರುವಿನ ಯೋಜನೆಯನ್ನೇ ಮುರಿಯುವುದು ಉತ್ತಮ, ಅವನ ಮೈತ್ರಿಗಳನ್ನು ಬಿಡಿಸುವುದು ಅದರ ನಂತರದ್ದು, ಸೈನ್ಯದ ಮೇಲೆ ಬೀಳುವುದು ಮೂರನೆಯದು, ಕೋಟೆಗೆ ಮುತ್ತಿಗೆ ಹಾಕುವುದು ಎಲ್ಲಕ್ಕಿಂತ ಕನಿಷ್ಠ. ಯುದ್ಧವಿಲ್ಲದೆ ಗೆಲ್ಲುವ ಈ ಮೊದಲ ಬಗೆಗೆ ಉದಾಹರಣೆ ಹುಡುಕಿಕೊಂಡು ಚೀನಾಕ್ಕಾಗಲಿ ಅಮೆರಿಕದ ಕಂಪನಿಗಳಿಗಾಗಲಿ ಹೋಗಬೇಕಾಗಿಲ್ಲ. ಸಾಲದ ಹಂಗಿನಲ್ಲಿ ಸಿಕ್ಕ ಬೆಳೆಗಾರರು ವರ್ತಕರು ಹೇಳಿದ ದರಕ್ಕೆ ಅಡಿಕೆ ಒಪ್ಪಿಸುತ್ತಿದ್ದ ಕಾಲದಲ್ಲಿ, 1923ರಲ್ಲಿ, ಶಿರಸಿಯ ತೋಟಗಾರರು ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. ಅವರು ಯಾರ ಅಂಗಡಿಯನ್ನೂ ಮುಚ್ಚಿಸಲಿಲ್ಲ, ವರ್ತಕರನ್ನು ಊರು ಬಿಡಿಸಲಿಲ್ಲ. ಬೆಳೆಗಾರ ಒಬ್ಬಂಟಿಯಾಗಿ ಬಂದು ಸಿಕ್ಕಿದ ದರಕ್ಕೆ ಮಾರುತ್ತಾನೆ ಎಂಬ ಎಣಿಕೆಯ ಮೇಲೆ ನಿಂತಿದ್ದ ವ್ಯವಸ್ಥೆಯಲ್ಲಿ ಆ ಎಣಿಕೆಯನ್ನೇ ಸುಳ್ಳಾಗಿಸಿದರು. ಅದೇ ವರ್ತಕರು ಇಂದಿಗೂ ಟೆಂಡರು ಹಾಕಿ ಆ ಅಡಿಕೆಯನ್ನು ಕೊಳ್ಳುತ್ತಾರೆ. ನೂರು ವರ್ಷ ದಾಟಿದ ಈ ಸಂಸ್ಥೆಯ ಇತಿಹಾಸವನ್ನು ಶಿಬಿರಗಳಲ್ಲಿ ಅರ್ಧ ದಿನ ಪಾಠ ಮಾಡಿದರೂ ನಮ್ಮ ಹುಡುಗರಿಗೆ ಮೂರನೆಯ ಅಧ್ಯಾಯ ಅರ್ಥವಾದೀತು.

ಎದುರಾಳಿಯ ರಾಜ್ಯವನ್ನು ಹಾಳುಗೆಡವದೆ ಇಡಿಯಾಗಿ ಪಡೆಯಬೇಕೆಂಬುದೂ ಅದೇ ಅಧ್ಯಾಯದ ಮಾತು. ರಾತ್ರಿ ಪ್ರಖರ ದೀಪ ಉರಿಸಿ ಮೀನನ್ನು ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆಯ ಕುರಿತು ಕಾರವಾರ, ಅಂಕೋಲಾ, ಹೊನ್ನಾವರಗಳಲ್ಲಿ ಏಳುವ ವಿವಾದಗಳನ್ನು ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಮರಿಮೀನನ್ನೂ ಬಿಡದೆ ಬಾಚಿಕೊಂಡವನು ಚಿಕ್ಕ ಪಾತಿ ದೋಣಿಯವನನ್ನು ಒಂದು ಹಂಗಾಮಿನ ಮಟ್ಟಿಗೆ ಸೋಲಿಸಿರಬಹುದು, ಆದರೆ ಮುಂದಿನ ಹಂಗಾಮಿಗೆ ಇಬ್ಬರೂ ಬಲೆ ಬೀಸಬೇಕಾದ ಕಡಲನ್ನು ಅವನೇ ಬರಿದು ಮಾಡಿರುತ್ತಾನೆ.

ಗೆಲುವಿನ ಬೆನ್ನು ಹತ್ತಿ ಯುದ್ಧ ಬೆಳೆಸುತ್ತಾ ಹೋದರೆ ಏನಾಗುತ್ತದೆಂಬುದನ್ನು ಗ್ರಂಥ ಹುಟ್ಟಿದ ವೂ ರಾಜ್ಯದ ಗತಿಯೇ ತೋರಿಸುತ್ತದೆ. ಕ್ರಿಸ್ತಪೂರ್ವ 506ರಲ್ಲಿ ಅದು ಬಲಾಢ್ಯವಾದ ಚೂ ರಾಜ್ಯದ ರಾಜಧಾನಿಯನ್ನೇ ಹಿಡಿದಿತ್ತು. ಹೆಲೂವಿನ ಮಗ ಫೂಚಾಯ್ ಕ್ರಿಸ್ತಪೂರ್ವ 494ರಲ್ಲಿ ನೆರೆಯ ಯ್ವೆ ರಾಜ್ಯವನ್ನು ಸೋಲಿಸಿ, ಆಮೇಲೆ ಉತ್ತರದ ರಾಜ್ಯಗಳ ಮೇಲೆ ಹಿರಿತನ ಸ್ಥಾಪಿಸುವ ಹಂಬಲದಲ್ಲಿ ದಂಡಯಾತ್ರೆಗಳನ್ನು ಮಾಡುತ್ತಾ ಹೋದ. ಸೈನ್ಯ ಉತ್ತರಕ್ಕೆ ಹೋಗಿದ್ದ ಹೊತ್ತಿನಲ್ಲಿ, 482ರಲ್ಲಿ, ಯ್ವೆಯ ದೊರೆ ಗೌಚಿಯನ್ ಹಿಂದಿನಿಂದ ಬಂದು ಎರಗಿದ. 473ರಲ್ಲಿ ವೂ ರಾಜ್ಯ ನಿರ್ನಾಮವಾಯಿತು. ಮನೆಯ ಅಂಗಡಿ ನೆಲೆಗೊಳ್ಳುವ ಮೊದಲೇ ಹುಬ್ಬಳ್ಳಿಯಲ್ಲಿ, ಮಡಗಾಂವಿನಲ್ಲಿ ಶಾಖೆ ತೆರೆಯಲು ಸಾಲ ಕೇಳಿಕೊಂಡು ಬರುವ ಯುವಕರಿಗೆ ನಾನು ಫೂಚಾಯ್‌ನ ಕಥೆಯನ್ನು ಹೇಳಬಯಸುತ್ತೇನೆ.

ಕೊನೆಯ ಅಧ್ಯಾಯ ಗೂಢಚಾರರದು, ಶಿಬಿರಗಳಲ್ಲಿ ಬಹಳ ರಂಜನೀಯವಾಗಿ ಬಣ್ಣಿಸುವುದೂ ಅದನ್ನೇ. ಎದುರಾಳಿಯ ನೌಕರನಿಗೆ ದುಡ್ಡು ಕೊಟ್ಟು ಗುಟ್ಟು ತಿಳಿಯುವುದೇ ಅದರ ಪಾಠವೆಂಬಂತೆ ಹೇಳುವುದನ್ನು ನಾನು ಒಪ್ಪಲಾರೆ. ನನಗೆ ಅದರಲ್ಲಿ ಮುಖ್ಯವೆನಿಸುವುದು ಬೇರೆ: ಮುಂದಾಗುವುದನ್ನು ದೆವ್ವದೇವರನ್ನು ಕೇಳಿಯಾಗಲಿ, ಹಿಂದೆ ಹೀಗಾಗಿತ್ತು ಎಂಬ ಹೋಲಿಕೆಯಿಂದಾಗಲಿ ತಿಳಿಯಲಾಗದು, ವಿಷಯ ಬಲ್ಲ ಮನುಷ್ಯರಿಂದಲೇ ತಿಳಿಯಬೇಕು, ಅದಕ್ಕಾಗಿ ನೂರು ಹೊನ್ನು ಖರ್ಚು ಮಾಡಲು ಹಿಂಜರಿದು ವರ್ಷಗಟ್ಟಲೆ ಸೈನ್ಯ ಸಾಕುವವನು ತನ್ನ ಜನರ ಮೇಲೆ ಕರುಣೆಯಿಲ್ಲದವನು. ಚಾಲಿಗೆ, ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆಗೆ, ಈ ವರ್ಷ ದರ ಏರೀತೆಂದು ಹೋದ ವರ್ಷದ ನೆನಪಿನ ಮೇಲೆ ಗೋದಾಮಿನಲ್ಲಿಟ್ಟು ಕಾಯುವ ಬೆಳೆಗಾರ ಆ ಚಾಲಿ ತಿನ್ನುವ ಗುಜರಾತಿನ ಪೇಟೆಯನ್ನು ಒಮ್ಮೆಯೂ ನೋಡಿರುವುದಿಲ್ಲ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು, ಅಂದರೆ ಅದಕ್ಕಿಂತ ಅಗ್ಗದ ಅಡಿಕೆಯನ್ನು ಹೊರದೇಶದಿಂದ ತರಕೂಡದೆಂಬ ಮಿತಿಯನ್ನು, ಕೇಂದ್ರ ಸರಕಾರ 2023ರ ಫೆಬ್ರುವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು, ಅದಕ್ಕೂ ಹಿಂದೆ 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಆ ಬೆಲೆಯ ನಿರ್ಬಂಧವಿಲ್ಲದೆ ತರಲು ಅನುಮತಿ ಕೊಟ್ಟದ್ದು, ಇವೆರಡೂ ಎಲ್ಲರಿಗೂ ತೆರೆದಿದ್ದ ಸುದ್ದಿಗಳು. ಹೀಗೆ ಹಗಲು ಬೆಳಕಿನಲ್ಲಿ ಕೇಳಿ ತಿಳಿಯಬಹುದಾದುದೇ ಬೇಕಾದಷ್ಟಿರುವಾಗ ಗೂಢಚಾರಿಕೆಯ ಅಗತ್ಯ ನಮ್ಮವರಿಗೆ ಏಕೆ ಬೀಳಬೇಕು?

ಇಷ್ಟು ಹೇಳಿದ ಮೇಲೂ, ಈ ಗ್ರಂಥವನ್ನು ವ್ಯಾಪಾರಕ್ಕೆ ಹಾಗೆಯೇ ಎತ್ತಿಕೊಳ್ಳಬಾರದೆಂಬುದಕ್ಕೆ ಬಲವಾದ ಕಾರಣವೊಂದಿದೆ. ರಣರಂಗದಲ್ಲಿರುವುದು ಎರಡು ಪಕ್ಷ. ಪೇಟೆಯಲ್ಲಿ ಮೂರನೆಯವನೊಬ್ಬನಿದ್ದಾನೆ, ಅವನೇ ಗಿರಾಕಿ. ಸುನ್ ತ್ಸುವಿನಲ್ಲಿ ಅವನಿಗೆ ಜಾಗವಿಲ್ಲ. ಎದುರಾಳಿಗೆಂದು ಹೂಡಿದ ವಂಚನೆ ಹೆಚ್ಚಿನ ಸಲ ಗಿರಾಕಿಯ ತಲೆಯ ಮೇಲೇ ಬೀಳುತ್ತದೆ. ಹೊರಗಿನ ಕಳಪೆ ಮಾಲನ್ನು ಬೆರೆಸಿ ಶಿರಸಿ ಅಡಿಕೆಯೆಂದು ಅಗ್ಗಕ್ಕೆ ಮಾರಿದವನು ಪಕ್ಕದ ವ್ಯಾಪಾರಿಯನ್ನು ಸೋಲಿಸುತ್ತಾನೆ, ಜೊತೆಗೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕ ಮಾನ್ಯತೆಯನ್ನು 2019ರಲ್ಲಿ ಪಡೆದ ಶಿರಸಿ ಸುಪಾರಿಯ ಹೆಸರನ್ನೂ ಕೆಡಿಸುತ್ತಾನೆ, ಮತ್ತು ಆ ಹೆಸರು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಎಲ್ಲ ಬೆಳೆಗಾರರದು. ಗಿರಾಕಿಯೊಡನೆ, ಕೆಲಸದವರೊಡನೆ ಯುದ್ಧಶಾಸ್ತ್ರ ಬೇಡ. ಕೆಲಸದವರಿಗೂ ಸಲ್ಲುವಂತೆ ಸುನ್ ತ್ಸುವೇ ಸೈನಿಕರನ್ನು ಕುರಿತು, ನಿನ್ನ ಮೇಲೆ ಪ್ರೀತಿ ಹುಟ್ಟುವ ಮೊದಲೇ ಶಿಕ್ಷಿಸಿದರೆ ಅವರು ನಿನ್ನ ಮಾತು ಕೇಳರು ಎಂದಿದ್ದಾನೆ. ಮರವೇರುವ ಕೊನೆಗೌಡರು ಸಿಗುತ್ತಿಲ್ಲವೆಂದು ಹಲುಬುವ ನಾವು ಅವರ ವಿಮೆಗೆ, ಬಿದ್ದು ಪೆಟ್ಟಾದಾಗಿನ ಖರ್ಚಿಗೆ ಏನು ಮಾಡಿದ್ದೇವೆಂದು ಕೇಳಿಕೊಳ್ಳಬೇಕಾಗಿದೆ.

ರಾಜನೀತಿಯಿಂದಲೇ ವ್ಯಾಪಾರ ಕಲಿಸಬೇಕೆಂದಿದ್ದರೆ, ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಸುನ್ ತ್ಸುವಿನ ಪಕ್ಕದಲ್ಲಿಟ್ಟು ಓದಿಸಲಿ. ಸಂಧಿಯಿಂದಲೂ ಯುದ್ಧದಿಂದಲೂ ಸಮನಾದ ಲಾಭ ಬರುವಂತಿದ್ದರೆ ಸಂಧಿಯನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಯುದ್ಧದಲ್ಲಿ ಜನನಷ್ಟ, ಧನವ್ಯಯ, ಊರು ಬಿಟ್ಟಿರುವ ಕಷ್ಟ ಇವೆಲ್ಲ ಕೂಡಿಕೊಳ್ಳುತ್ತವೆ ಎಂದು ಅದರ ಏಳನೆಯ ಅಧಿಕರಣದಲ್ಲಿ, ಅಂದರೆ ಏಳನೆಯ ಭಾಗದಲ್ಲಿ, ಇದೆ. ಶಿಬಿರ ನಡೆಸುವವರು ಬಿಡಿ ವಾಕ್ಯಗಳನ್ನು ಪರದೆಯ ಮೇಲೆ ತೋರಿಸುವುದನ್ನು ಬಿಟ್ಟು, ಮೂಲದ ಅಧ್ಯಾಯಗಳನ್ನು ಪೂರ್ತಿ ಓದಿಸಿ, ನಮ್ಮ ಜಿಲ್ಲೆಯ ಒಂದು ಅಂಗಡಿಯ ಅಥವಾ ಒಂದು ಸಂಘದ ಲೆಕ್ಕಪುಸ್ತಕವನ್ನು ಎದುರಿಗಿಟ್ಟುಕೊಂಡು ಚರ್ಚಿಸುವಂತೆ ಮಾಡಬೇಕೆಂದು ಕೋರುತ್ತೇನೆ. ತಮ್ಮ ಪತ್ರಿಕೆಯೂ ವಾಣಿಜ್ಯ ಪುಟದಲ್ಲಿ ವಾರಕ್ಕೊಂದು ಅಧ್ಯಾಯದ ಸಾರವನ್ನು ಸರಳ ಕನ್ನಡದಲ್ಲಿ ಪ್ರಕಟಿಸಬೇಕೆಂದು, ಅದರಲ್ಲಿ ಎರಡನೆಯ ಮತ್ತು ಹನ್ನೆರಡನೆಯ ಅಧ್ಯಾಯಗಳನ್ನು ಮೊದಲು ತೆಗೆದುಕೊಳ್ಳಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ, ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕ
ಶಿರಸಿ, ಉತ್ತರ ಕನ್ನಡ