ಬ್ರೇಕ್, ಆಕ್ಸಲ್ ರಿಪೇರಿ ಬಿಲ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮೋಟರ್‌ಹೋಮ್‌ನ (ಒಳಗೇ ವಾಸಿಸುವಂತೆ ಸಜ್ಜಾದ ಗಾಡಿ) ಬ್ರೇಕ್, ಆಕ್ಸಲ್ (ಚಕ್ರಗಳ ಅಚ್ಚು) ಕೆಲಸಕ್ಕೆ ದೊಡ್ಡ ಎಸ್ಟಿಮೇಟ್ ಕೊಟ್ಟರೆ ತಕ್ಷಣ ಒಪ್ಪಬೇಡಿ. ಬಿಡಿಭಾಗಕ್ಕೆಷ್ಟು, ಕೂಲಿಗೆಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಅಡಿಯಲ್ಲಿರುವುದು ಸಾಮಾನ್ಯವಾಗಿ ವ್ಯಾನ್ ಅಥವಾ ಟ್ರಕ್ಕಿನ ಚಾಸಿಯೇ ಅಲ್ವಾ? ಚಾಸಿ ನಂಬರ್ ಹಿಡಿದು ಟ್ರಕ್ ಗ್ಯಾರೇಜಿನಲ್ಲೂ ವಿಚಾರಿಸಿ.

ಗಾಡಿ ತಿಂಗಳುಗಟ್ಟಲೆ ನಿಂತರೆ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಭಾಗ) ತುಕ್ಕು ಹಿಡಿದು ಜಾಮ್ ಆಗಬಹುದು. ಓಡಿಸಿ ನಿಲ್ಲಿಸಿದಾಗ ಒಂದೇ ಚಕ್ರ ಜಾಸ್ತಿ ಬಿಸಿಯಾಗಿ ಸುಟ್ಟ ವಾಸನೆ ಬಂದರೆ ಆ ಚಕ್ರದ ಕ್ಯಾಲಿಪರನ್ನೇ ಮೊದಲು ನೋಡಿಸಿ. (ರಿಮ್ ಮುಟ್ಟಬೇಡಿ, ಕೈ ಹತ್ತಿರ ಹಿಡಿದರೆ ಸಾಕು.) ಹಿಂದಿನ ಚಕ್ರದ ಬ್ರೇಕ್ ಡ್ರಮ್ ಒಳಗೆ ಗೇರ್ ಆಯಿಲ್ ಕಂಡರೆ ಆಕ್ಸಲ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ರಿಂಗ್) ಹೋಗಿದೆ ಅಂತಲೇ. ಸೀಲ್ ಅಗ್ಗ. ಆದರೆ ಎಣ್ಣೆ ಕುಡಿದ ಲೈನರ್ (ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ) ಬದಲಿಸಲೇಬೇಕು, ಅದೂ ಎರಡೂ ಕಡೆ. ಅಲ್ಲಿ ಮಾತ್ರ ಸುಮ್ನೆ ದುಡ್ಡು ಉಳಿಸಲು ಹೋಗಬೇಡಿ.

ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಎಸ್ಟಿಮೇಟ್ ಫೋಟೋ ಇಲ್ಲಿ ಹಾಕಿ, ಗೊತ್ತಿದ್ದವರು ನೋಡಿ ಹೇಳುತ್ತಾರೆ.