ಮಂತ್ರ ತಿದ್ದುವುದಕ್ಕೆ ಬೆಲೆ ಎಷ್ಟು? ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ಪಾತ್ರ ವಹಿಸಿ, ದಾಳ ಉರುಳಿಸಿ ಕಥೆ ಕಟ್ಟುವ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಿನ್ನ ತಂಡಕ್ಕಾಗಿ ನೀನು ಬರೆದಿರುವ ಹೊಸ ನಿಯಮವನ್ನು ಓದಿದೆ. ವಿಝರ್ಡ್ (ಓದಿ ಕಲಿತ ಮಾಂತ್ರಿಕ) ಪಾತ್ರ ವಹಿಸಿರುವ ಆಟಗಾರ್ತಿ ತನ್ನ ಮಂತ್ರಗಳನ್ನು ಬೇಕಾದಂತೆ ತಿದ್ದಿಕೊಳ್ಳಬಹುದು, ಪ್ರತಿಯಾಗಿ ಒಂದು ಹಂತ ಮೇಲಿನ ಸ್ಪೆಲ್ ಸ್ಲಾಟ್ (ದಿನಕ್ಕೆ ಇಂತಿಷ್ಟೇ ಎಂದಿರುವ, ಮಂತ್ರ ಹಾಕುವ ಅವಕಾಶ) ಖರ್ಚು ಮಾಡಬೇಕು ಎಂಬುದು ನಿನ್ನ ಆಲೋಚನೆ. ಅವಕಾಶ ಕೊಡುವುದಕ್ಕೆ ನನ್ನ ತಕರಾರಿಲ್ಲ. ಎಲ್ಲ ತಿದ್ದುಪಡಿಗಳಿಗೂ ಒಂದೇ ಬೆಲೆ ಇಟ್ಟಿರುವುದಕ್ಕೆ ಇದೆ, ಮತ್ತು ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸಿತು.

ಸ್ಲಾಟಿನಲ್ಲಿ ಬೆಲೆ ಕಟ್ಟುವ ಪದ್ಧತಿ ಹೊಸದಲ್ಲ. 2000ದಲ್ಲಿ ಬಂದ ಮೂರನೆಯ ಆವೃತ್ತಿಯೂ 2003ರಲ್ಲಿ ಬಂದ ಅದರ ಪರಿಷ್ಕೃತ ರೂಪವಾದ 3.5 ಕೂಡ ಮೆಟಾಮ್ಯಾಜಿಕ್ ಅನ್ನು, ಅಂದರೆ ಮಂತ್ರ ತಿದ್ದುವ ಕಲೆಯನ್ನು, ಹೀಗೆಯೇ ನಡೆಸುತ್ತಿದ್ದವು. ಆದರೆ ಅಲ್ಲಿ ಬೆಲೆ ಏಣಿಯಂತೆ ಏರುತ್ತಿತ್ತು: ಬಾಯಿ ತೆರೆಯದೆ ಮಂತ್ರ ಹಾಕುವ ಸೈಲೆಂಟ್‌ಗೆ ಒಂದು ಹಂತ, ಪರಿಣಾಮವನ್ನು ಒಂದೂವರೆ ಪಟ್ಟು ಮಾಡುವ ಎಂಪವರ್‌ಗೆ ಎರಡು, ದಾಳಗಳೆಲ್ಲ ಗರಿಷ್ಠ ಅಂಕಿಯಲ್ಲೇ ಬಿದ್ದವೆಂದು ಎಣಿಸುವ ಮ್ಯಾಕ್ಸಿಮೈಸ್‌ಗೆ ಮೂರು, ಒಂದೇ ಸರದಿಯಲ್ಲಿ ಎರಡನೆಯ ಮಂತ್ರಕ್ಕೆ ದಾರಿ ಮಾಡಿಕೊಡುವ ಕ್ವಿಕನ್‌ಗೆ ನಾಲ್ಕು. ಜೊತೆಗೆ ಪ್ರತಿಯೊಂದನ್ನೂ ಕಲಿಯಲು ಒಂದೊಂದು ಫೀಟ್ (ಪಾತ್ರ ಬೆಳೆಯುತ್ತ ಅಪರೂಪಕ್ಕೆ ಸಿಗುವ ವಿಶೇಷ ಸಾಮರ್ಥ್ಯದ ಆಯ್ಕೆ) ತೆರಬೇಕಾಗಿತ್ತು.

ಈ ಲೆಕ್ಕ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಸೂಕ್ಷ್ಮವಾಗಿತ್ತು. 3.5ರಲ್ಲಿ ಹತ್ತನೆಯ ಲೆವೆಲ್‌ನ ವಿಝರ್ಡ್ (ಲೆವೆಲ್ ಪಾತ್ರದ್ದು, ಹಂತ ಮಂತ್ರದ್ದು) ಹಾಕುವ ಫೈರ್‌ಬಾಲ್ ಎಂಬ ಮೂರನೆಯ ಹಂತದ ಬೆಂಕಿಯ ಮಂತ್ರ ಆರು ಮುಖದ ಹತ್ತು ದಾಳಗಳಷ್ಟು, ಅಂದರೆ ಸರಾಸರಿ 35ರಷ್ಟು ಹಾನಿ ಮಾಡುತ್ತದೆ. ಎಂಪವರ್ ಮಾಡಿ ಅದನ್ನೇ ಐದನೆಯ ಹಂತದ ಸ್ಲಾಟಿನಲ್ಲಿಟ್ಟರೆ ಸರಾಸರಿ 52.5ಕ್ಕೆ ಏರುತ್ತದೆ, ಅದೇ ಸ್ಲಾಟಿನಲ್ಲಿ ಕೋನ್ ಆಫ್ ಕೋಲ್ಡ್ ಎಂಬ ಹಿಮದ ಮಂತ್ರವನ್ನು ಇಟ್ಟುಕೊಂಡಿದ್ದರೆ ದೊರೆಯುತ್ತಿದ್ದದ್ದು ಮತ್ತದೇ 35. ಇಷ್ಟು ಲಾಭವಿದ್ದರೂ ಆಟ ಕೆಡದಿದ್ದುದಕ್ಕೆ ಕಾರಣಗಳಿವೆ. ತಿದ್ದಿದ ಮಂತ್ರ ದುಬಾರಿ ಸ್ಲಾಟಿನಲ್ಲಿ ಕುಳಿತರೂ ಅದರ ನಿಜವಾದ ಹಂತ ಮೂರೇ ಆಗಿ ಉಳಿಯುತ್ತಿದ್ದುದರಿಂದ, ಅದನ್ನು ತಪ್ಪಿಸಿಕೊಳ್ಳಲು ಶತ್ರು ದಾಟಬೇಕಾದ ಅಂಕಿ ಕೋನ್ ಆಫ್ ಕೋಲ್ಡ್‌ಗಿಂತ ಎರಡು ಕಡಿಮೆಯಿತ್ತು. ಅದಕ್ಕಿಂತ ಮುಖ್ಯವಾಗಿ, ಆ ಸ್ಲಾಟಿನಲ್ಲಿ ಟೆಲಿಪೋರ್ಟ್ ಅಥವಾ ಕಾಣದ ಗೋಡೆ ಎಬ್ಬಿಸುವ ವಾಲ್ ಆಫ್ ಫೋರ್ಸ್ ಇರಬಹುದಾಗಿತ್ತು. ಸೋಲುವ ಕಾಳಗದಿಂದ ಇಡೀ ತಂಡವನ್ನು ಎತ್ತಿಕೊಂಡು ಹೋಗುವ ಮಂತ್ರವನ್ನು ಬಿಟ್ಟುಕೊಟ್ಟು ಹದಿನೇಳು ಅಂಕಿಗಳ ಬೆಂಕಿಯನ್ನು ಕೊಂಡಂತಾಗುತ್ತಿತ್ತು. ಇನ್ನು, ವಿಝರ್ಡ್ ಇದನ್ನೆಲ್ಲ ಮಂತ್ರಗಳನ್ನು ಸಿದ್ಧಪಡಿಸಿಕೊಳ್ಳುವಾಗಲೇ ನಿರ್ಧರಿಸಬೇಕಾಗಿತ್ತು, ದಾರಿಯಲ್ಲಿ ಏನು ಹಸಿವಾದೀತೆಂದು ತಿಳಿಯದೆ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಳ್ಳುವವರ ಹಾಗೆ. ಹುಟ್ಟಿನಿಂದಲೇ ಮಾಂತ್ರಿಕ ಶಕ್ತಿಯಿರುವ ಸಾರ್ಸರರ್‌ಗೆ ಆ ಕಷ್ಟವಿರಲಿಲ್ಲ, ಆದರೆ ತಿದ್ದಿದ ಮಂತ್ರ ಅವನ ಪೂರ್ತಿ ಸರದಿಯನ್ನು ನುಂಗುತ್ತಿತ್ತು.

ಬೆಲೆಯನ್ನು ಬೇರೆ ಖಾತೆಯಿಂದ ಕಟ್ಟಲು ಬಿಟ್ಟಾಗ ಈ ವ್ಯವಸ್ಥೆ ಕುಸಿಯಿತು. ಡಿವೈನ್ ಮೆಟಾಮ್ಯಾಜಿಕ್ ಎಂಬ ಫೀಟ್ ಪಡೆದ ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪುರೋಹಿತ), ಸ್ಲಾಟಿನ ಬದಲು ಪ್ರೇತಗಳನ್ನು ಓಡಿಸುವ ತನ್ನ ದೈನಂದಿನ ಶಕ್ತಿಯನ್ನು ಖರ್ಚು ಮಾಡಬಹುದಾಗಿತ್ತು. ಮಂತ್ರವನ್ನು ಇಡೀ ದಿನ ಉಳಿಸುವ ಪರ್ಸಿಸ್ಟೆಂಟ್ ಎಂಬ ತಿದ್ದುಪಡಿಗೆ ಆರು ಹಂತಗಳ ಬೆಲೆ ಇದ್ದುದು, ಏಳು ಸಲ ಪ್ರೇತ ಓಡಿಸುವ ಅವಕಾಶವನ್ನು ಬಿಟ್ಟುಕೊಡುವಷ್ಟಕ್ಕೆ ಇಳಿಯಿತು. ಆ ಅವಕಾಶಗಳನ್ನು ಹೆಚ್ಚಿಸಿಕೊಳ್ಳುವ ಉಪಾಯಗಳು ಬೇಕಾದಷ್ಟಿದ್ದವು. ಕ್ಲೆರಿಕ್‌ನನ್ನು ಯೋಧನಷ್ಟು ಬಲಿಷ್ಠನಾಗಿಸುವ, ಕೆಲವೇ ಸುತ್ತು ಬಾಳಬೇಕಾದ ಡಿವೈನ್ ಪವರ್ ಮಂತ್ರ ಬೆಳಗಿನಿಂದ ಬೆಳಗಿನವರೆಗೆ ನಿಂತಿತು, ಮತ್ತು ಅದೇ ತಂಡದಲ್ಲಿದ್ದ ಫೈಟರ್‌ಗೆ (ಯೋಧನಿಗೆ) ಮಾಡಲು ಕೆಲಸವೇ ಉಳಿಯಲಿಲ್ಲ.

2014ರ ಐದನೆಯ ಆವೃತ್ತಿ ಇದರಿಂದ ಪಾಠ ಕಲಿತಂತೆ ಕಾಣುತ್ತದೆ. ಅಲ್ಲಿ ಮೆಟಾಮ್ಯಾಜಿಕ್ ಸಾರ್ಸರರ್‌ನ ಸ್ವತ್ತು. ಬೆಲೆ ಕಟ್ಟುವುದು ಸಾರ್ಸರಿ ಪಾಯಿಂಟ್‌ಗಳಲ್ಲಿ, ಮತ್ತು ಅವುಗಳ ಸಂಖ್ಯೆ ಅವನ ಲೆವೆಲ್‌ನಷ್ಟೇ. ಮೂರನೆಯ ಹಂತದ ಸ್ಲಾಟನ್ನು ಒಡೆದರೆ ಮೂರು ಪಾಯಿಂಟ್ ಸಿಗುತ್ತದೆ, ಅದೇ ಸ್ಲಾಟನ್ನು ಮರಳಿ ಕಟ್ಟಲು ಐದು ಬೇಕು. ಹೀಗಾಗಿ ಅದಲುಬದಲಿನಲ್ಲಿ ಲಾಭ ಮಾಡಿಕೊಳ್ಳುವಂತಿಲ್ಲ. (ವಾರ್‌ಲಾಕ್ ಎಂಬ ಇನ್ನೊಂದು ಬಗೆಯ ಮಾಂತ್ರಿಕನ ಜೊತೆ ಬೆರೆಸಿ, ನಿದ್ದೆಯನ್ನೇ ಮಾಡದೆ ಸ್ಲಾಟ್ ಕೂಡಿಹಾಕುವ ‘ಕಾಫಿಲಾಕ್’ ವೀರರು ಇಲ್ಲಿಯೂ ಹುಟ್ಟಿಕೊಂಡರು. ನಿನ್ನ ತಂಡದಲ್ಲಿ ಅಂಥವರಿದ್ದರೆ ನಿಯಮ ಬರೆಯುವುದಕ್ಕಿಂತ ಅವರೊಡನೆ ನೇರವಾಗಿ ಮಾತಾಡುವುದು ಮೇಲು.) ಒಂದು ಮಂತ್ರಕ್ಕೆ ಒಂದೇ ತಿದ್ದುಪಡಿ ಎಂಬ ಕಟ್ಟಳೆಯೂ ಇದೆ, ಎಂಪವರ್ಡ್ ಮಾತ್ರ ಇದಕ್ಕೆ ಹೊರತು, ಏಕೆಂದರೆ ಅದು ಅಷ್ಟು ಸಾಧುವಾದದ್ದು. ಒಂದು ಪಾಯಿಂಟ್ ಕೊಟ್ಟು ಕೆಲವು ದಾಳಗಳನ್ನು ಮತ್ತೆ ಉರುಳಿಸಿದರೆ, ಎಂಟು ದಾಳಗಳ ಫೈರ್‌ಬಾಲ್‌ಗೆ ಸರಾಸರಿ ಐದಾರು ಅಂಕಿ ಸೇರುತ್ತದೆ, ಅಷ್ಟೆ.

ನಾನು ಹೇಳಹೊರಟದ್ದು ಇದನ್ನೇ. ಅಂಕಿಯನ್ನು ಹೆಚ್ಚಿಸುವ ತಿದ್ದುಪಡಿಗೆ ನೀನು ಅಂಜಬೇಕಾಗಿಲ್ಲ. ಸರದಿಯನ್ನು, ಗುರಿಗಳ ಸಂಖ್ಯೆಯನ್ನು, ಮಂತ್ರ ಕಣ್ಣಿಗೆ ಕಾಣುವುದನ್ನು ಬದಲಿಸುವ ತಿದ್ದುಪಡಿಗಳಿಗೆ ಅಂಜಬೇಕು. ವೇಗ ಹೆಚ್ಚಿಸುವ ಹೇಸ್ಟ್ ಮಂತ್ರವನ್ನು ಟ್ವಿನ್ (ಜೋಡಿ) ಮಾಡಿ ಇಬ್ಬರು ಯೋಧರಿಗೆ ಕೊಡಲು 2014ರ ನಿಯಮದಲ್ಲಿ ಮೂರು ಪಾಯಿಂಟ್ ಸಾಕಾಗಿತ್ತು. ಸಾರ್ಸರರ್‌ನ ಏಕಾಗ್ರತೆ ಮುರಿದರೆ ಇಬ್ಬರೂ ಒಂದು ಸರದಿ ಮಂಕಾಗಿ ನಿಲ್ಲುವ ಅಪಾಯವಿದ್ದರೂ ಜನ ಅದನ್ನು ಬಿಡಲಿಲ್ಲ. 2024ರ ಪರಿಷ್ಕರಣೆಯಲ್ಲಿ ಟ್ವಿನ್ಡ್‌ನ ಬೆಲೆ ಒಂದೇ ಪಾಯಿಂಟ್‌ಗೆ ಇಳಿದಿದೆ, ಆದರೆ ಮೇಲಿನ ಸ್ಲಾಟಿನಲ್ಲಿ ಹಾಕಿದಾಗ ಗುರಿಗಳು ಹೆಚ್ಚುವಂಥ ಮಂತ್ರಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಹೇಸ್ಟ್ ಆ ಪಟ್ಟಿಯಿಂದ ಹೊರಬಿತ್ತು. ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ನಿನ್ನ ಕಥೆಯ ಮಟ್ಟಿಗೆ ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಸಟಲ್ ಸ್ಪೆಲ್. ಅದರ ಬೆಲೆ ಒಂದೇ ಪಾಯಿಂಟ್. ಗುಹೆಯೊಳಗಿನ ಕಾಳಗದಲ್ಲಿ ಅದು ಅಷ್ಟೇ ಬಾಳುತ್ತದೆ. ಆದರೆ ನೀನು ನಡೆಸುತ್ತಿರುವುದು ಅರಮನೆಯ ಒಳಸಂಚಿನ ಕಥೆ. ಮಾತೂ ಇಲ್ಲದೆ ಕೈಸನ್ನೆಯೂ ಇಲ್ಲದೆ ತುಂಬಿದ ಸಭೆಯಲ್ಲಿ ಮಂತ್ರಿಯ ಮೇಲೆ ಮನಸ್ಸು ಒಲಿಸಿಕೊಳ್ಳುವ ಚಾರ್ಮ್ ಪರ್ಸನ್ ಹಾಕಿದರೆ, ಅದು ಯಾರಿಂದ ಬಂತೆಂದು ಯಾರಿಗೂ ಕಾಣದು. ಕಾಣದ ಮಂತ್ರವನ್ನು ಕೌಂಟರ್‌ಸ್ಪೆಲ್ ಎಂಬ ಪ್ರತಿಮಂತ್ರದಿಂದ ತಡೆಯುವುದೂ ಸಾಧ್ಯವಿಲ್ಲ. ನಿನ್ನ ಕೈಯಲ್ಲಿ ಉಳಿಯುವುದು ಎರಡೇ ಹಿಡಿತಗಳು. ಚಾರ್ಮ್ ಪರ್ಸನ್ ಇಳಿದ ಮೇಲೆ ತನ್ನ ಮೇಲೆ ಮಂತ್ರ ಹಾಕಿದವರು ಯಾರೆಂಬುದು ಮಂತ್ರಿಗೆ ತಿಳಿಯುತ್ತದೆ. ಮತ್ತು 2014ರ ನಿಯಮದ ಪ್ರಕಾರ ಸಟಲ್ ಸ್ಪೆಲ್ ಸಾಮಗ್ರಿಯನ್ನು ಮಾಫಿ ಮಾಡುವುದಿಲ್ಲ. ಹೇಳಿದಂತೆ ಕೇಳುವಂತೆ ಮಾಡುವ ಸಜೆಶನ್ ಮಂತ್ರಕ್ಕೆ ಬೇಕಾದ ಹಾವಿನ ನಾಲಿಗೆಯನ್ನೋ ಅದರ ಬದಲಿಗೆ ಬಳಸುವ ದಂಡವನ್ನೋ ಕೈಯಲ್ಲಿ ಹಿಡಿಯಲೇಬೇಕು. ಅದನ್ನು ಯಾರಾದರೂ ಗಮನಿಸಿದರೇ ಎಂದು ಪ್ರತಿ ಸಲವೂ ಕೇಳು.

ಇನ್ನೊಂದು ಎಚ್ಚರಿಕೆ: ಹೊಸ ತಿದ್ದುಪಡಿಯನ್ನು ಫೈರ್‌ಬಾಲ್ ಜೊತೆ ತೂಗಬೇಡ. ಆಟ ನಡೆಸುವವರ ಕೈಪಿಡಿಯಾದ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನ ಕೋಷ್ಟಕದಂತೆ, ಹಲವರಿಗೆ ತಾಗುವ ಮೂರನೆಯ ಹಂತದ ಮಂತ್ರಕ್ಕೆ ಆರು ದಾಳಗಳು ನ್ಯಾಯವಾದ ಅಳತೆ. ಫೈರ್‌ಬಾಲ್‌ಗೆ ಎಂಟು ಇವೆ. ಅದು ಮೊದಲೇ ಮುದ್ದಿನ ಮಗು.

ಹಾಗಾದರೆ ಏನು ಮಾಡಬಹುದು? ನಿನ್ನ ಆಟಗಾರ್ತಿಗೆ ಮೆಟಾಮ್ಯಾಜಿಕ್ ಅಡೆಪ್ಟ್ ಎಂಬ, 2020ರಲ್ಲಿ ಬಂದ ಫೀಟನ್ನು ಕೊಟ್ಟುಬಿಡು. ಅದರಲ್ಲಿ ಎರಡು ತಿದ್ದುಪಡಿಗಳು ಮತ್ತು ದೀರ್ಘ ವಿಶ್ರಾಂತಿಯ ನಂತರ ಮರಳುವ ಎರಡು ಪಾಯಿಂಟ್‌ಗಳು ಸಿಗುತ್ತವೆ. ನೀನು ಆಡುತ್ತಿರುವ ಹಳೆಯ ನಿಯಮದಲ್ಲಿ ಕ್ವಿಕನ್ಡ್‌ಗೆ ಎರಡು ಪಾಯಿಂಟ್ ಬೇಕಾದುದರಿಂದ ಅದನ್ನು ದಿನಕ್ಕೊಮ್ಮೆ ಮಾತ್ರ ಬಳಸಲಾದೀತು, ಶತ್ರು ತಪ್ಪಿಸಿಕೊಳ್ಳುವುದನ್ನು ಕಷ್ಟವಾಗಿಸುವ ಮೂರು ಪಾಯಿಂಟ್‌ನ ಹೈಟನ್ಡ್ ಕೈಗೆ ಎಟುಕದು, ಟ್ವಿನ್ಡ್ ಎರಡನೆಯ ಹಂತದ ಮಂತ್ರಗಳನ್ನು ದಾಟದು. ಬೆಂಕಿಯ ಬದಲು ಹಿಮ ಬೇಕೆಂದು ಅವಳು ಕೇಳಿದರೆ ಒಂದು ಪಾಯಿಂಟ್‌ಗೆ ಕೊಡು. ಉರಿ ನೀಲಿಯಾಗಿರಲಿ, ನವಿಲಿನ ಆಕಾರದಲ್ಲಿ ಹಾರಲಿ ಎಂದರೆ ಏನನ್ನೂ ಕೇಳಬೇಡ, ಅದರಿಂದ ಯಾವ ಅಂಕಿಯೂ ಬದಲಾಗುವುದಿಲ್ಲ. ಸಟಲ್‌ಗೆ ಮಾತ್ರ ನಿನ್ನ ಆಟದಲ್ಲಿ ಎರಡು ಪಾಯಿಂಟ್ ಇಡು, ಮತ್ತು ಅದನ್ನು ಅವಳು ಆಯ್ಕೆ ಮಾಡಿಕೊಳ್ಳುವ ಮೊದಲೇ ತಿಳಿಸು. ನಿನ್ನ ಸಾರ್ಸರರ್ ಆಟಗಾರ ಇದಕ್ಕೆ ಏನನ್ನುತ್ತಾನೆಂದು ಮುಂದಿನ ಕಾಗದದಲ್ಲಿ ಬರೆ. ಅವನ ಸ್ವತ್ತಿನಲ್ಲಿ ಪಾಲು ಹೋಗುತ್ತಿರುವುದರಿಂದ ಅವನನ್ನು ಮೊದಲು ಕೇಳುವುದು ನ್ಯಾಯ.

ನಿನ್ನ,
ರಘು